ಕಸವೆಂದು ಕರೆಯುವ ಮುನ್ನ

ಆಲೆಮನೆಯ ಕಬ್ಬಿನಹಾಲನ್ನು ಒಂದೆರಡು ದಿನ ಹಾಗೆಯೇ ಬಿಟ್ಟರೆ ಅದು ನೊರೆಯೆದ್ದು ಹುಳಿತು ನಾರುವುದನ್ನು ಮಲೆನಾಡಿನ ಮಕ್ಕಳೂ ಬಲ್ಲರು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನುಂಡು ಅದನ್ನು ಎಥನಾಲ್ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುವುದರ ಫಲವದು. ಲೆಕ್ಕ ಕಟ್ಟುನಿಟ್ಟಾದುದು: 180 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 92 ಗ್ರಾಂ ಎಥನಾಲ್, ಉಳಿದ 88 ಗ್ರಾಂ ಅನಿಲವಾಗಿ ಹಾರಿಹೋಗುತ್ತದೆ. ಡಿಸ್ಟಿಲರಿಗಳು ಇದನ್ನೇ ಬಟ್ಟಿಯಿಳಿಸಿ, ನೀರಿನಂಶ ತೆಗೆದು, ಪೆಟ್ರೋಲಿಗೆ ಬೆರೆಸಲು ಕಳುಹಿಸುತ್ತವೆ.

ಭಾರತದಲ್ಲಿ 2003ರಲ್ಲಿ ಶೇ. 5ರ ಮಿಶ್ರಣದಿಂದ ಮೊದಲಾದ ಈ ಕಾರ್ಯಕ್ರಮ 2025ರಲ್ಲಿ ಶೇ. 20ನ್ನು ಮುಟ್ಟಿತು. ಕಾಕಂಬಿ ಸಾಲದಾದಾಗ ಕಬ್ಬಿನ ರಸ, ಅಕ್ಕಿ, ಮೆಕ್ಕೆಜೋಳಗಳೂ ಡಿಸ್ಟಿಲರಿಯ ದಾರಿ ಹಿಡಿದವು. ಸಕ್ಕರೆಯ ಕೊರತೆಗೆ ಅಂಜಿದ ಕೇಂದ್ರ ಸರ್ಕಾರವು 2023ರ ಡಿಸೆಂಬರಿನಲ್ಲಿ ಕಬ್ಬಿನ ರಸದ ಬಳಕೆಯನ್ನು ನಿರ್ಬಂಧಿಸಿ, ಮರುವರ್ಷ ಆ ನಿರ್ಬಂಧವನ್ನು ತೆಗೆಯಿತು.

ಆದರೆ ನೀರಿನ ಮಾತನ್ನು ಆಡುವವರು ವಿರಳ. ಸಕ್ಕರೆಯಿಂದ ಪಡೆವ ಪ್ರತಿ ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಹೇಳುತ್ತದೆ. ಕಣಕುಂಬಿಯ ಬೆಟ್ಟದಲ್ಲಿ ಹುಟ್ಟಿದ ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಕಬ್ಬಿಗೆ ನೀರೂಡುತ್ತದೆ. ಪಟ್ಟಣದ ಕಾರಿನ ಟ್ಯಾಂಕಿನಲ್ಲಿ ಘಟ್ಟದ ಮಳೆಯದೂ ಒಂದು ಪಾಲಿದೆ.

ಹಾಗಾದರೆ ಕಬ್ಬು ಬೇಡ, ಹುಲ್ಲು ಸಾಕೆನ್ನಬಹುದೇ? ಹುಲ್ಲಿನಲ್ಲಿಯೂ ಸಕ್ಕರೆಯಿದೆ, ಆದರೆ ಅದು ಸೆಲ್ಯುಲೋಸ್ ಹಾಗೂ ಹೆಮಿಸೆಲ್ಯುಲೋಸ್ ಎಂಬ ಸರಪಳಿಗಳಾಗಿ ಲಿಗ್ನಿನ್ ಎಂಬ ಗಟ್ಟಿ ಅಂಟಿನೊಳಗೆ ಸಿಲುಕಿಕೊಂಡಿದೆ. ಮೊದಲು ಹಬೆ, ಆಮ್ಲಗಳಿಂದ ಆ ಬಂಧವನ್ನು ಸಡಿಲಿಸಬೇಕು. ಬಳಿಕ ಕಿಣ್ವಗಳಿಂದ ಸರಪಳಿಯನ್ನು ತುಂಡರಿಸಬೇಕು. ಹೀಗೆ ಹೊರಬರುವ ಸಕ್ಕರೆಗಳಲ್ಲಿ ಒಂದಾದ ಕ್ಸೈಲೋಸನ್ನು ಸಾಮಾನ್ಯ ಯೀಸ್ಟ್ ಮುಟ್ಟುವುದೇ ಇಲ್ಲ. ಹಸುವಿನ ಹೊಟ್ಟೆ ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಕಾರ್ಖಾನೆ ಇಷ್ಟೆಲ್ಲ ಹೆಣಗಬೇಕು!

2022ರಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಉದ್ಘಾಟನೆಗೊಂಡ ಇಂಡಿಯನ್ ಆಯಿಲ್ ಘಟಕವನ್ನು ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯಲೆಂದು ರೂಪಿಸಲಾಗಿದೆ. ಗದ್ದೆಯಲ್ಲೇ ಕೂಳೆ ಸುಟ್ಟು ಹೊಗೆಯೆಬ್ಬಿಸುವ ನಾಡಿಗೆ ಅದು ಒಪ್ಪುವ ಯೋಜನೆಯೇ ಸರಿ. ಮಲೆನಾಡಿನ ಕಥೆ ಬೇರೆ. ಇಲ್ಲಿ ಹುಲ್ಲು ಬಣವೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಅಲ್ಲಿಂದ ತೋಟಕ್ಕೆ ಮರಳುತ್ತದೆ. ಅಡಿಕೆಯ ಸಿಪ್ಪೆಯೂ, ದರಕೂ ಅಷ್ಟೇ. ಸರ್ಕಾರಿ ಕಡತದಲ್ಲಿ ‘ಕೃಷಿ ತ್ಯಾಜ್ಯ’ವೆನಿಸಿದ್ದು ಇಲ್ಲಿನ ಮಣ್ಣಿಗೆ ಅನ್ನ.

ಹುಲ್ಲು ಕೊಳ್ಳುವ ಲಾರಿ ಊರಿಗೆ ಬಂದ ದಿನ ದನಗಳಿಗೆಷ್ಟು ಹೊರೆ, ಗೊಬ್ಬರಕ್ಕೆಷ್ಟು ಹೊರೆ ಎಂಬುದನ್ನು ಗ್ರಾಮಸಭೆಯು ಮೊದಲು ಎಣಿಸಲಿ. ಮಿಕ್ಕಿದ್ದರೆ ಆಮೇಲೆ ಬೆಲೆಯ ಮಾತು.