ಮೋಟಾರು ತಾಗಿದರೆ ಬೀದಿಯಲ್ಲೇ ರಾಜಿ ಬೇಡ

(ಸಂಘದ ತಿಂಗಳ ಸಭೆಯಲ್ಲಿ ಆಡಿದ ಮಾತು)



ನಾನು ಓದಿದ್ದು ಏಳನೆಯ ತರಗತಿಯವರೆಗೆ. ಕಾನೂನಿನ ವಿಷಯ ಮಾತಾಡುವ ಯೋಗ್ಯತೆ ನನಗಿದೆಯೆಂದು ಹೇಳಲಾರೆ. ಆದರೆ ನನ್ನ ಈ ಎಡಗಾಲು ಕಲಿಸಿದ ಪಾಠವೊಂದಿದೆ. ಅದನ್ನು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಉದ್ದ ಎಳೆದರೆ ನಿಮ್ಮ ಚಹಾ ತಣ್ಣಗಾಗುತ್ತದೆಂದು ಬಲ್ಲೆ. ನಾನೂ ಚಹಾ ಕೊಟ್ಟು ಬದುಕಿದವನೇ.

2014ರ ಮಳೆಗಾಲ. ಮಾಟುಂಗದ ಒಂದು ಹೋಟೆಲಿನಲ್ಲಿ ನಾನು ಪಾರ್ಸೆಲು ಹುಡುಗ. ಸೈಕಲಿನ ಹ್ಯಾಂಡಲಿಗೆ ಎರಡು ಚಹಾ ಕಿಟ್ಲಿ, ಹಿಂದೆ ಕ್ಯಾರಿಯರಿನಲ್ಲಿ ಇಡ್ಲಿ ಡಬ್ಬಿ. ಕಿಂಗ್ಸ್ ಸರ್ಕಲ್ ಸುತ್ತಿ ಬರಲು ಸೋಮಾರಿತನವಾಗಿ ಹತ್ತು ಮಾರು ಎದುರು ದಿಕ್ಕಿನಲ್ಲಿ ಹೋದೆ. ಬದಿಯ ಗಲ್ಲಿಯಿಂದ ಒಂದು ಕಾರು ಹಾರ್ನ್ ಕೂಡ ಹೊಡೆಯದೆ ರಭಸದಿಂದ ತಿರುಗಿತು. ಕಿಟ್ಲಿ ಒಂದು ಕಡೆ, ಇಡ್ಲಿ ಒಂದು ಕಡೆ, ನಾನು ಒಂದು ಕಡೆ.

ಕಾರಿನವರು ಕೆಟ್ಟವರೇನಲ್ಲ. ಇಳಿದು ಬಂದು ನನ್ನನ್ನು ಎತ್ತಿ ಕೂರಿಸಿದರು. "ರಾಂಗ್ ಸೈಡಿನಲ್ಲಿ ಬಂದವನು ನೀನು. ಪೊಲೀಸರು ಬಂದರೆ ಮೊದಲು ಹಿಡಿಯುವುದು ನಿನ್ನನ್ನೇ" ಎಂದರು. ಎರಡು ಸಾವಿರ ರೂಪಾಯಿ ಕೈಗಿಟ್ಟು, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ ಚೀಟಿಗೆ ಸಹಿ ಹಾಕಿಸಿಕೊಂಡರು. ಅಷ್ಟರಲ್ಲಿ ನಮ್ಮ ಧಣಿಗಳು ಓಡಿ ಬಂದರು. "ಹೋಗಲಿ ಬಿಡು ಮಾರಾಯ, ಸ್ಟೇಶನ್ ಮೆಟ್ಟಿಲು ಹತ್ತುವುದು ಬೇಡ" ಎಂದರು. ನನಗೂ ಅದೇ ಸರಿ ಎನಿಸಿತು. ತಪ್ಪು ನನ್ನದೂ ಇತ್ತಲ್ಲ!

ಮೊಣಕಾಲಿನ ಕೆಳಗೆ ಎಲುಬು ಮುರಿದಿತ್ತು. ಆ ಎರಡು ಸಾವಿರ ಮೂರು ದಿನಕ್ಕೂ ಬರಲಿಲ್ಲ. ನಾಲ್ಕು ತಿಂಗಳು ಊರಿನಲ್ಲಿ ಮಲಗಿದೆ. ಅಮ್ಮನ ಬೆಂಡೋಲೆ ಸೊಸೈಟಿಯಲ್ಲಿ ಅಡವು ಬಿತ್ತು. ಮುಂಬಯಿಗೆ ಮರಳಿದಾಗ ಹನ್ನೆರಡು ತಾಸು ನಿಲ್ಲಲಾಗದು, ಮೆಟ್ಟಿಲು ಹತ್ತಲಾಗದು. ತರಕಾರಿ ಹೆಚ್ಚಲು ಕೂರಿಸಿ, ಪಗಾರವನ್ನೂ ಇಳಿಸಿದರು. ಎರಡು ವರ್ಷದ ನಂತರ ಸಂಘದ ಹಿರಿಯರೊಬ್ಬರು ನನ್ನನ್ನು ವಕೀಲರಲ್ಲಿಗೆ ಕರೆದೊಯ್ದರು. ದಾವೆ ಹಾಕಲು ಆಗ ಗಡುವಿರಲಿಲ್ಲ. ವಕೀಲರು ಕೇಳಿದರು: ಗಾಡಿಯ ನಂಬರೇನು? ಎಫ್.ಐ.ಆರ್. ಎಲ್ಲಿ? ಮೊದಲ ದಿನದ ಆಸ್ಪತ್ರೆ ಕಾಗದ ಎಲ್ಲಿ? ಒಂದೂ ಇರಲಿಲ್ಲ. ಇದ್ದದ್ದು ನನ್ನ ಸಹಿಯ ಚೀಟಿ, ಅದೂ ಅವರ ಕಿಸೆಯಲ್ಲಿ.

ಬಂಧುಗಳೇ, ನನ್ನ ಬಾಯಿ ಕಟ್ಟಿದ್ದು ಕಾರಿನವರಲ್ಲ, "ನನ್ನದೂ ತಪ್ಪು" ಎಂಬ ಅಳುಕು. ನಮ್ಮ ತಪ್ಪೂ ಇದ್ದರೆ ಆ ಪಾಲಿನಷ್ಟು ಹಣ ಪರಿಹಾರದಲ್ಲಿ ಕಡಿಮೆಯಾಗುತ್ತದೆ, ಹಕ್ಕೇ ಹೋಗುವುದಿಲ್ಲ. ಇದು ಆಗ ನನಗೆ ಗೊತ್ತಿದ್ದರೆ! ಈಗಂತೂ, 2022ರ ಏಪ್ರಿಲಿನಿಂದ, ಯಾರ ತಪ್ಪೆಂದು ಸಿದ್ಧಪಡಿಸದೆಯೇ ಭಾರಿ ಗಾಯಕ್ಕೆ ಎರಡೂವರೆ ಲಕ್ಷ, ಸಾವಿಗೆ ಐದು ಲಕ್ಷ ಕೇಳಬಹುದು. ಎಲುಬು ಮುರಿದರೆ ಅದು ಭಾರಿ ಗಾಯವೇ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ ಹೆಚ್ಚಿನದಕ್ಕೆ ಹಾಕಿದ ಅರ್ಜಿ ಬಿದ್ದುಹೋಗುತ್ತದೆ. ಆದಕಾರಣ ಲೆಕ್ಕ ಹಾಕದೆ ಒಪ್ಪಬೇಡಿ.

ಲೆಕ್ಕ ಹೇಗೆ? 28 ವರ್ಷದ ಸಪ್ಲೈಯರ್, ತಿಂಗಳಿಗೆ 15,000 ಪಗಾರ. ವರ್ಷಕ್ಕೆ 1,80,000. ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದ ಕೋಷ್ಟಕದಂತೆ ಆ ವಯಸ್ಸಿಗೆ 17ರಿಂದ ಗುಣಿಸಬೇಕು, 30,60,000 ಆಯಿತು. ದುಡಿಯುವ ಶಕ್ತಿ ಶೇಕಡಾ 20 ಹೋಗಿದೆ ಎಂದಾದರೆ 6,12,000. ನಲವತ್ತರೊಳಗಿನವನಾದ್ದರಿಂದ ಮುಂದಿನ ಏಳಿಗೆಗೆಂದು ಶೇಕಡಾ 40 ಸೇರಿಸಿದರೆ 8,56,800. ಆಸ್ಪತ್ರೆ ಖರ್ಚು, ನೋವು, ಕಳೆದುಹೋದ ತಿಂಗಳುಗಳ ಪಗಾರ ಬೇರೆ. ನನಗೆ ಸಿಕ್ಕಿದ್ದು ಎರಡು ಸಾವಿರ!

ಈ ಶೇಕಡಾ ಮಾತನ್ನು ಸ್ವಲ್ಪ ಗಮನವಿಟ್ಟು ಕೇಳಿರಿ. ಡಾಕ್ಟರರು ಕಾಲಿಗೆ ಇಷ್ಟು ಊನವೆಂದು ಬರೆಯುತ್ತಾರೆ. ಅದನ್ನೇ ಕಣ್ಣುಮುಚ್ಚಿ ಹಿಡಿಯಬಾರದು, ಆ ಊನದಿಂದ ಆ ಮನುಷ್ಯನ ದುಡಿಮೆ ಎಷ್ಟು ತಗ್ಗಿತೆಂದು ನೋಡಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಲ್ಲಾದಲ್ಲಿ ಕೂರುವವರಿಗೆ ಮೊಣಕಾಲು ಮಡಚದಿದ್ದರೂ ದಿನ ಸಾಗುತ್ತದೆ. ತಟ್ಟೆ ಹಿಡಿದು ಓಡುವ ಮಾಣಿಗೆ ಸಾಗುವುದೇ? ಇದನ್ನು ನಾವೇ ಬಾಯಿಬಿಟ್ಟು ಹೇಳಬೇಕು: ಎಷ್ಟು ತಾಸು ನಿಲ್ಲುತ್ತಿದ್ದೆ, ಎಷ್ಟು ಮಾಳಿಗೆ ಹತ್ತುತ್ತಿದ್ದೆ ಎಂದು.

"ನಮಗೆ ಪಗಾರದ ಚೀಟಿಯೇ ಇಲ್ಲವಲ್ಲ" ಎನ್ನುವಿರಿ. 2011ರಲ್ಲಿ ಕರ್ನಾಟಕದ ಒಬ್ಬ ಕೂಲಿಯ ಮೊಕದ್ದಮೆಯಲ್ಲಿ ಕಾಗದವಿಲ್ಲದಿದ್ದರೂ ಅವನು ಹೇಳಿದ ತಿಂಗಳಿಗೆ 4,500 ರೂಪಾಯಿ ಆದಾಯವನ್ನು ಸುಪ್ರೀಂ ಕೋರ್ಟು ಒಪ್ಪಿತು. ಹಾಗೆಂದು ಸುಮ್ಮನಿರಬೇಡಿ. ಊರಿಗೆ ಕಳುಹಿಸಿದ ಹಣದ ರಸೀದಿ, ಬ್ಯಾಂಕಿನ ಪುಸ್ತಕ ಜೋಪಾನ ಮಾಡಿರಿ.

ಕಾರಿನವರಿಗೆ ಭಾರವಾದೀತೆಂದು ಮರುಗುವವರೂ ನಮ್ಮಲ್ಲಿದ್ದಾರೆ, ಒಳ್ಳೆಯ ಗುಣವೇ. ಆದರೆ ಪ್ರತಿ ಮೋಟಾರಿಗೂ ವಿಮೆ ಕಡ್ಡಾಯ, ಸಾಮಾನ್ಯವಾಗಿ ಕೊಡುವುದು ವಿಮಾ ಕಂಪನಿ. ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೆ ಸರಕಾರದ ಯೋಜನೆಯಿಂದ ಭಾರಿ ಗಾಯಕ್ಕೆ 50,000, ಸಾವಿಗೆ ಎರಡು ಲಕ್ಷ. 2025ರ ಯೋಜನೆಯಂತೆ ಏಳು ದಿನದವರೆಗೆ ಒಂದೂವರೆ ಲಕ್ಷದ ಚಿಕಿತ್ಸೆಗೆ ರೋಗಿ ಹಣ ಕಟ್ಟಬೇಕಿಲ್ಲ, ಆಸ್ಪತ್ರೆಯಲ್ಲಿ ಕೇಳಿರಿ.

ಈಗ ಆರು ತಿಂಗಳ ಗಡುವಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ. ನಾವು ಅದನ್ನು ನಂಬಿ ಕೂರುವುದು ಬೇಡ. ಅಪಘಾತ ಮುಂಬಯಿಯಲ್ಲಾದರೂ, ನೀವು ಊರಿನಲ್ಲಿ ವಾಸವಿದ್ದರೆ ಉಡುಪಿಯಲ್ಲೂ ಅರ್ಜಿ ಹಾಕಬಹುದು. ಡ್ಯೂಟಿಯ ಮೇಲಿದ್ದಾಗ ಆದದ್ದಾದರೆ ಮಾಲಿಕರಿಂದಲೂ ಪರಿಹಾರ ಕೇಳುವ ದಾರಿಯಿದೆ, ಆದರೆ ಎರಡರಲ್ಲಿ ಒಂದನ್ನೇ ಹಿಡಿಯಬೇಕು. ಆಸ್ಪತ್ರೆಯ ಬಾಗಿಲಲ್ಲಿ ಕಾದು "ಅರ್ಧ ನನಗೆ" ಎನ್ನುವ ದಲ್ಲಾಳಿಗಳಿಂದ ದೂರವಿರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಬಡವರಿಗೆ ವಕೀಲರು ಧರ್ಮಕ್ಕೆ ಸಿಗುತ್ತಾರೆ. ಗಿರಣಿ ಮುಚ್ಚಿದ ಮೇಲೆ ವಾಚ್‌ಮನ್ ಕೆಲಸಕ್ಕೆ ಸೈಕಲಿನಲ್ಲಿ ಹೋಗುವ ಹಿರಿಯರೂ ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಕೊನೆಗೆ ಬಂದ ಕೆಲಸ ಹೇಳುತ್ತೇನೆ. ಕಳೆದ ವರ್ಷ ನಮ್ಮ ಕುಂದಾಪುರದ ಕಡೆಯ ಹುಡುಗನಿಗೆ ದಾದರಿನಲ್ಲಿ ಕಾರು ತಾಗಿದ್ದು ನಿಮಗೆಲ್ಲ ಗೊತ್ತು. ಅವನು ಬಿದ್ದಲ್ಲಿಂದಲೇ ಫೋನು ಮಾಡಿದ. ಹಣ ಮುಟ್ಟಬೇಡ, ಸಹಿ ಹಾಕಬೇಡ, ನಂಬರು ಬರೆದುಕೋ ಎಂದೆ. ಎಫ್.ಐ.ಆರ್. ಆಯಿತು, ಆಸ್ಪತ್ರೆಯ ಕಾಗದದಲ್ಲಿ ಮೋಟಾರು ಅಪಘಾತವೆಂದೇ ಬರೆಸಿದೆವು, ಅರ್ಜಿಯೂ ಹೋಗಿದೆ. ಈಗ ವಿಮಾ ಕಂಪನಿಯವರು "ಸೈಕಲಿನವನೇ ಅಡ್ಡ ಬಂದ" ಎನ್ನುತ್ತಿದ್ದಾರೆ. ಅಂದು ಕಣ್ಣಾರೆ ಕಂಡ ಇಬ್ಬರು ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳಲಾರೆ, ಅವರ ಸಂಕಟ ನನಗೆ ಗೊತ್ತು: ಒಂದು ದಿನದ ಪಗಾರ ಹೋಗುತ್ತದೆ, ಧಣಿಗಳು ಮುಖ ಗಂಟಿಕ್ಕುತ್ತಾರೆ. ಆ ದಿನದ ಪಗಾರವನ್ನು ಸಂಘದ ನಿಧಿಯಿಂದ ಕೊಡಬೇಕೆಂದು ನಾನು ಸೂಚಿಸುತ್ತೇನೆ, ಧಣಿಗಳ ಹತ್ತಿರ ಮಾತಾಡಲು ನಾನೇ ಬರುತ್ತೇನೆ. ಅಧ್ಯಕ್ಷರು ಸೂಚನೆಯನ್ನು ಸಭೆಯ ಮುಂದಿಡಬೇಕು. ಆ ಇಬ್ಬರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬೇಕು; ನಾನು ಬಾಗಿಲ ಹತ್ತಿರವೇ ನಿಂತಿರುತ್ತೇನೆ.