ಬಾವಿಗೆ ಕನ್ನಡಿ ಹಿಡಿದವರು



ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರದ ಕಡೆ ಹೊರಟರೆ ಕಾಡು ಶುರುವಾಗುವ ಮೊದಲು ಹಂಗಳ ಸಿಗುತ್ತದೆ. ನನ್ನ ತವರು ಆ ಸೀಮೆಯದು. ನಮ್ಮ ಹಿತ್ತಲಲ್ಲಿ ಸೇದುವ ಬಾವಿಯಿತ್ತು. ಹಗ್ಗ ಕಳಚಿ ಕೊಡ ಬಾವಿಗೆ ಬಿದ್ದರೆ ಅಪ್ಪ ಅಟ್ಟದಿಂದ ಪಾತಾಳಗರಡಿ ಇಳಿಸುತ್ತಿದ್ದರು. ಪಾತಾಳಗರಡಿ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಕಬ್ಬಿಣದ ಬಳೆಯೊಂದಕ್ಕೆ ಸುತ್ತಲೂ ಕೊಕ್ಕೆ ತೂಗುಬಿಟ್ಟ ಸಾಮಾನು ಅದು. ಆದರೆ ಕೊಕ್ಕೆ ಎಲ್ಲಿಗೆ ಬಿಡಬೇಕೆಂದು ಕಾಣಬೇಕಲ್ಲ? ಬಾವಿಯೊಳಗೆ ಕಗ್ಗತ್ತಲು. ಆಗ ಅಜ್ಜಿ ಗೋಡೆಯ ಕನ್ನಡಿ ತೆಗೆದು ನನ್ನ ಕೈಗಿಟ್ಟು, "ಬಿಸ್ಲ ಹಿಡ್ದು ಒಳಕ್ಕೆ ಬುಡು ಕೂಸು" ಅನ್ನುತ್ತಿದ್ದಳು. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಬಾವಿಗೆ ತಿರುಗಿಸಿದರೆ, ತಳದಲ್ಲಿ ಕೊಡದ ಕಂಠ ಹೊಳೆಯುತ್ತಿತ್ತು.

ಮುಂದೆ ನಾನು ನರ್ಸಿಂಗ್ ಓದಿದೆ. ಸೇವೆಯ ಬಹುಪಾಲು ವರ್ಷಗಳನ್ನು ಕಳೆದದ್ದು ಮೈಯೊಳಕ್ಕೆ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಕೋಣೆಯಲ್ಲಿ. ಅಲ್ಲಿ ಮೊದಲ ದಿನ ಆ ಕಪ್ಪು ಕೊಳವೆಯನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಹಿತ್ತಲ ಬಾವಿ. ಬೆಳಕು, ನೋಟ, ಕೊಕ್ಕೆ ಮೂರೂ ಒಂದೇ ಕೊಳವೆಯಲ್ಲಿ ಇದ್ದವು. ಹೊಟ್ಟೆಯೊಳಗೆ ಸಲೀಸಾಗಿ ಬಾಗಿ ಹೋಗುವ ಇಂಥ ಕೊಳವೆ ವೈದ್ಯರ ಕೈಗೆ ಬರಲು 150 ವರ್ಷ ಹಿಡಿಯಿತು. ಕೊಳವೆ ಮಾಡುವುದು ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಒಳಕ್ಕೆ ಬೆಳಕು ಬಿಡುವುದು. ಇವತ್ತು ಆ ಬೆಳಕಿನ ಕಥೆಯನ್ನೇ ಹೇಳುತ್ತೇನೆ.

ಜರ್ಮನಿಯ ಫಿಲಿಪ್ ಬೊಝಿನಿ ಎಂಬ ತರುಣ ವೈದ್ಯ 1806ರಲ್ಲಿ ಒಂದು ಸಾಧನವನ್ನು ಲೋಕಕ್ಕೆ ತೋರಿಸಿದ. ಹೂದಾನಿಯಂಥ ತಗಡಿನ ಡಬ್ಬಿ, ಅದರೊಳಗೆ ಒಂದು ಮೇಣದ ಬತ್ತಿ, ಬತ್ತಿಯ ಹಿಂದೆ ಕನ್ನಡಿ, ಮುಂದೆ ಕೊಳವೆ. ಮೇಣದ ಬತ್ತಿಯ ಬೆಳಕು ಕನ್ನಡಿಗೆ ತಾಗಿ ಕೊಳವೆಯಲ್ಲಿ ಹಾಯ್ದು ದೇಹದೊಳಕ್ಕೆ ಹೋಗಬೇಕು. ವಿಯೆನ್ನಾದಲ್ಲಿ ಅದನ್ನು ಪರೀಕ್ಷಿಸಿದರು, ಆದರೆ ಅಲ್ಲಿನ ವೈದ್ಯಕೀಯ ಪಂಡಿತರು ಒಪ್ಪಲಿಲ್ಲ. 1809ರಲ್ಲಿ ಬೊಝಿನಿ ಟೈಫಸ್ ಜ್ವರಕ್ಕೆ ಬಲಿಯಾದ. ಆಗ ಅವನಿಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ.

1853ರಲ್ಲಿ ಪ್ಯಾರಿಸ್ಸಿನ ಡೆಸೋರ್ಮೋ ಮೇಣದ ಬತ್ತಿಯ ಜಾಗಕ್ಕೆ ಮದ್ಯಸಾರ ಮತ್ತು ಟರ್ಪೆಂಟೈನ್ ಬೆರೆಸಿದ ದೀಪ ಇಟ್ಟ. 'ಎಂಡೋಸ್ಕೋಪ್' ಎಂಬ ಹೆಸರೂ ಅವನದೇ. ಬೆಳಕೇನೋ ಹೆಚ್ಚಿತು, ಜೊತೆಗೆ ರೋಗಿಯ ತೊಡೆ ಸುಡುವ ಭಯವೂ ಬಂತು. ಮರು ವರ್ಷ, 1854ರಲ್ಲಿ, ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ತನ್ನ ಗಂಟಲಲ್ಲಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಬಿಟ್ಟು, ತನ್ನ ಧ್ವನಿತಂತುಗಳು ಅದುರುವುದನ್ನು ತಾನೇ ನೋಡಿದ. ನಮ್ಮ ಅಜ್ಜಿಯ ಉಪಾಯವೂ ಅದೇ! ಇವತ್ತು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಪಾಠ ಹೇಳಿ ಗಂಟಲು ಕಟ್ಟಿಕೊಂಡ ಮೇಷ್ಟ್ರುಗಳ ಧ್ವನಿ ಪರೀಕ್ಷೆ ನಡೆಯುವಾಗ ನನಗೆ ಆ ಹಾಡುಗಾರನ ನೆನಪಾಗುತ್ತದೆ.

ಹೊಟ್ಟೆಯನ್ನು ನೋಡುವ ಪ್ರಯತ್ನ ಮಾಡಿದವನು ಅಡಾಲ್ಫ್ ಕುಸ್‌ಮೌಲ್, 1868ರಲ್ಲಿ. ಜಾತ್ರೆಯಲ್ಲಿ ಕತ್ತಿ ನುಂಗುವವನೊಬ್ಬನನ್ನು ಕರೆಸಿ ಅವನ ಗಂಟಲಲ್ಲಿ 47 ಸೆಂಟಿಮೀಟರ್ ಉದ್ದದ ನೇರ ಲೋಹದ ಕೊಳವೆ ಇಳಿಸಿದ. ಕೊಳವೆ ಹೊಟ್ಟೆಗೆ ಇಳಿಯಿತು. ಆದರೆ ದೀಪ ಹೊರಗಿತ್ತು, ಅಷ್ಟು ದೂರ ಹೋಗುವಷ್ಟರಲ್ಲಿ ಬೆಳಕು ಸೋತಿತ್ತು. ದೀಪವೇ ಒಳಗೆ ಹೋಗಬೇಕು ಎಂದು ಹಟ ಹಿಡಿದವನು ಮ್ಯಾಕ್ಸ್ ನಿಟ್ಝೆ. ಮೊದಲು ಕೆಂಪಗೆ ಕಾದ ಪ್ಲಾಟಿನಂ ತಂತಿಯನ್ನು, ಸುತ್ತ ನೀರು ಹರಿಸಿ ತಣ್ಣಗಿಡುತ್ತ, ಮೂತ್ರಕೋಶದೊಳಕ್ಕೆ ಕಳಿಸಿದ. ಎಡಿಸನ್ ಬಲ್ಬು 1879ರಲ್ಲಿ ಬಂದ ಮೇಲೆ ಹತ್ತು ವರ್ಷದೊಳಗೆ ಅದರ ಕಿರಿಯ ತಮ್ಮನಂಥ ಪುಟ್ಟ ಬಲ್ಬು ಆ ಕೊಳವೆಯ ತುದಿಗೆ ಬಂದು ಕೂತಿತು. ನಮ್ಮ ಜಿಲ್ಲೆಯ ಅಂಚಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ. ಅಂದರೆ ನಮ್ಮ ನಾಡಿನ ಊರುಗಳಿಗೆ ವಿದ್ಯುತ್ ದೀಪ ಬರುವ ಮೊದಲೇ ಅದು ಮನುಷ್ಯನ ಮೈಯೊಳಕ್ಕೆ ಹೊಕ್ಕಿತ್ತು.

ಆದರೂ ಒಂದು ತೊಡಕು ಉಳಿಯಿತು. ಬೆಳಕು ನೇರಕ್ಕೆ ಹೋಗುತ್ತದೆ, ಕರುಳು ನೇರವಿಲ್ಲ. ಜಪಾನಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಹೆಚ್ಚು. ಅಲ್ಲಿ 1950ರಲ್ಲಿ ಉಜಿ ಎಂಬ ಶಸ್ತ್ರವೈದ್ಯರೂ ಒಲಿಂಪಸ್ ಕಂಪನಿಯ ಎಂಜಿನಿಯರುಗಳೂ ಸೇರಿ ಕ್ಯಾಮೆರಾವನ್ನೇ ನುಂಗಿಸಿದರು. ಕೋಣೆ ಕತ್ತಲು ಮಾಡಿ, ಒಳಗೆ ದೀಪ ಮಿಂಚಿದಾಗ ಹೊಟ್ಟೆಯ ಚರ್ಮದ ಮೇಲೆ ಮೂಡುವ ಬೆಳಕನ್ನು ನೋಡಿ ಕ್ಯಾಮೆರಾ ಎಲ್ಲಿದೆಯೆಂದು ಅಂದಾಜು ಮಾಡುತ್ತಿದ್ದರು. ಫೋಟೋ ತೊಳೆದ ಮೇಲೆಯೇ ಒಳಗೇನಿದೆ ಎಂದು ತಿಳಿಯುತ್ತಿದ್ದದ್ದು.

ಆ ತೊಡಕನ್ನು ಬಿಡಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಒಬ್ಬರು ಎನ್ನುವುದು ನನಗೆ ಹೆಮ್ಮೆಯ ಮಾತು. ಬೆಳಕು ನೇರವಾಗಿ ಮಾತ್ರ ಹೋಗುತ್ತದೆಂದು ಮೇಷ್ಟ್ರು ಶಾಲೆಯಲ್ಲಿ ಹೇಳಿದ್ದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತಂತೆ. ಪಂಪ್‌ಸೆಟ್ಟಿನ ನೀರು ಬಾಗಿ ಬೀಳುವುದನ್ನು ನೀವು ನೋಡಿದ್ದೀರಿ. ಹಾಗೆ ಬಾಗಿ ಬೀಳುವ ನೀರಿನೊಳಗೆ ಹಿಂದಿನಿಂದ ಬೆಳಕು ಬಿಟ್ಟರೆ ಬೆಳಕೂ ನೀರಿನ ಅಂಚಿಗೆ ಬಡಿದು ಬಡಿದು ಅದರ ಜೊತೆಗೇ ಬಾಗಿ ಹೋಗುತ್ತದೆ. ಕೂದಲೆಳೆಯಂಥ ಗಾಜಿನೊಳಗೂ ಹಾಗೆಯೇ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಕಪಾನಿ ಸಾವಿರಾರು ಗಾಜಿನ ಎಳೆಗಳನ್ನು ಸಾಲು ತಪ್ಪದಂತೆ ಒಟ್ಟಿಗೆ ಕಟ್ಟಿ, ಬಾಗಿದ ಕಟ್ಟಿನಲ್ಲಿಯೂ ಚಿತ್ರ ಹಾಯುತ್ತದೆಂದು ತೋರಿಸಿದರು. ಆ ಲೇಖನ 'ನೇಚರ್' ಪತ್ರಿಕೆಯಲ್ಲಿ 1954ರ ಜನವರಿ 2ರಂದು ಬಂತು. ಅದನ್ನು ಓದಿದ ಬೇಸಿಲ್ ಹಿರ್ಶೋವಿಟ್ಝ್ ಎಂಬ ವೈದ್ಯ ಅಮೆರಿಕದ ಮಿಷಿಗನ್ನಿನಲ್ಲಿ ಕೆಲಸ ಶುರು ಮಾಡಿದ. ಒಂದು ಎಳೆಯ ಬೆಳಕು ಪಕ್ಕದ ಎಳೆಗೆ ಸೋರಿ ಚಿತ್ರ ಕಲಸಿಹೋಗುತ್ತಿತ್ತು. ಅಲ್ಲಿದ್ದ ಲ್ಯಾರಿ ಕರ್ಟಿಸ್ ಎಂಬ ವಿದ್ಯಾರ್ಥಿ ಪ್ರತಿ ಎಳೆಗೂ ಬೇರೆ ಜಾತಿಯ ಗಾಜಿನ ಅಂಗಿ ತೊಡಿಸಿ ಸೋರಿಕೆ ನಿಲ್ಲಿಸಿದ. 1957ರಲ್ಲಿ ಹಿರ್ಶೋವಿಟ್ಝ್ ಆ ಕೊಳವೆಯನ್ನು ಮೊದಲು ತಾನೇ ನುಂಗಿದ. ಆಮೇಲೆ ರೋಗಿಗೆ ಹಾಕಿದ. ಈ ಕ್ರಮವನ್ನು ನಾನು ಬಹಳ ಗೌರವಿಸುತ್ತೇನೆ. ಕಪಾನಿಯವರು 2020ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದದ್ದು ಮರು ವರ್ಷ.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದದ್ದು ಆ ಗಾಜಿನ ಎಳೆಯ ಕೊಳವೆಯೇ. ಒಂದೊಂದು ಎಳೆ ಮುರಿದಾಗಲೂ ನೋಟದಲ್ಲಿ ಒಂದು ಕಪ್ಪು ಚುಕ್ಕಿ ಮೂಡುತ್ತಿತ್ತು. ಹಳೆಯ ಕೊಳವೆಯಲ್ಲಿ ನೋಡಿದರೆ ಎಳ್ಳು ಚೆಲ್ಲಿದಂತೆ. ನೋಡುವವರು ಡಾಕ್ಟರೊಬ್ಬರೇ. ಅವರು "ಹಿಡೀರಿ, ಬಿಡಿ" ಅಂದ ಹಾಗೆ ನಾವು ಕಾಣದೆ ಕೊಕ್ಕೆ ಒತ್ತುತ್ತಿದ್ದೆವು. ಆಮೇಲೆ ತುದಿಯಲ್ಲೇ ಕ್ಯಾಮೆರಾ ಚಿಪ್ಪು ಇರುವ ಕೊಳವೆ ಬಂತು; ಅಮೆರಿಕದಲ್ಲಿ ಅದು 1983ರ ಹೊತ್ತಿಗೇ ಬಂದಿತ್ತು. ಟಿವಿ ಪರದೆಯಲ್ಲಿ ಮೊದಲ ಸಲ ಜಠರದ ಒಳಮೈ ಕಂಡ ದಿನ ನಾನು ಮಾತಾಡಲಾರದೆ ನಿಂತಿದ್ದೆ. ದಾಳಿಂಬೆ ಸಿಪ್ಪೆಯ ಒಳಬದಿಯಂತೆ ಮಡಿಕೆ ಮಡಿಕೆ, ಒದ್ದೆ ಗುಲಾಬಿ ಬಣ್ಣ.

ಹೊಟ್ಟೆಹುಣ್ಣಿಗೆ ಖಾರ ಕಾರಣ, ಚಿಂತೆ ಕಾರಣ ಎಂದು ತಲೆತಲಾಂತರ ಹೇಳುತ್ತಿದ್ದೆವು. ಕೊಕ್ಕೆಯಲ್ಲಿ ಕಿತ್ತು ತಂದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಆಸ್ಟ್ರೇಲಿಯಾದ ರಾಬಿನ್ ವಾರೆನ್ ಒಂದು ಬ್ಯಾಕ್ಟೀರಿಯಾ ಕಂಡರು. ಬಹುಪಾಲು ಹುಣ್ಣಿಗೆ ಅದೇ ಕಾರಣವೆಂದು ಬ್ಯಾರಿ ಮಾರ್ಷಲ್ ಜೊತೆ ಸೇರಿ ತೋರಿಸಿದ್ದಕ್ಕೆ 2005ರಲ್ಲಿ ನೊಬೆಲ್ ಬಂತು. ಇವತ್ತು ಎರಡು ವಾರದ ಮಾತ್ರೆಗೆ ಹೋಗುವ ಹುಣ್ಣಿಗೆ ಹಿಂದೆ ಹೊಟ್ಟೆ ಕೊಯ್ಯುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಹಳ್ಳಿಗಳ ಹೆಂಗಸರು ಮೊದಲು ಕಂಡ ಎಂಡೋಸ್ಕೋಪು ಹೊಟ್ಟೆ ಉರಿಗೆ ಹಾಕುವಂಥದ್ದಲ್ಲ. ಅದು ಲ್ಯಾಪ್ರೋಸ್ಕೋಪು. ಸ್ವೀಡನ್ನಿನ ಯಾಕೋಬೇಯಸ್ 1910ರಲ್ಲಿ ಮನುಷ್ಯರ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಒಳಗೆ ನೋಡಿದ್ದ. 1970ರ ದಶಕದಲ್ಲಿ ಅದೇ ತೂತಿನಿಂದ ಮತ್ತೆ ಮಕ್ಕಳಾಗದಂತೆ ಎರಡೂ ಗರ್ಭನಾಳಗಳಿಗೆ ಪುಟ್ಟ ಸಿಲಿಕೋನ್ ಉಂಗುರ ತೊಡಿಸುವ ಉಪಾಯ ಬಂತು. ಸರ್ಕಾರದ ಕಾಗದಗಳಲ್ಲಿ 'ಉದರದರ್ಶಕ ಶಸ್ತ್ರಚಿಕಿತ್ಸೆ', ನಮ್ಮೂರಲ್ಲಿ 'ಹೊಲಿಗೆ ಇಲ್ಲದ ಆಪ್ರೇಸನ್ನು'. ನನ್ನ ಚಿಕ್ಕಮ್ಮ ಮೂರನೆಯ ಹೆರಿಗೆಯ ಮೇಲೆ ಒಂದು ಶಿಬಿರಕ್ಕೆ ಹೋಗಿದ್ದಳು, ಜೊತೆಗೆ ನಾನು. ಒಂದೇ ಸಾಧನ, ಸಾಲಾಗಿ ಹೆಂಗಸರು. ಒಬ್ಬಳಿಂದ ತೆಗೆದದ್ದು ಔಷಧದ ನೀರಿನಲ್ಲಿ ಅದ್ದಿ ಇನ್ನೊಬ್ಬಳಿಗೆ. ಆಪರೇಷನ್ ಆದವರನ್ನು ನೆಲಕ್ಕೆ ಹಾಸಿದ ಜಮಖಾನದ ಮೇಲೆ ಮಲಗಿಸಿದ್ದರು. ಚಿಕ್ಕಮ್ಮನಿಗೆ ಹೊಕ್ಕುಳ ಕೀವಾಗಿ ತಿಂಗಳು ನರಳಿದಳು.

ನಾನು ನರ್ಸ್ ಆದ ಮೇಲೆಯೇ ಅದೇಕೆಂದು ಅರ್ಥವಾದದ್ದು. ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಕೊಳವೆ ಇಪ್ಪತ್ತು ನಿಮಿಷವಾದರೂ ಮುಳುಗಿರಬೇಕು; ಅದಕ್ಕೂ ಮೊದಲು ಬ್ರಷ್ ಹಾಕಿ ಉಜ್ಜಬೇಕು. ಸಾಲು ಉದ್ದವಿದ್ದಾಗ ಮೊದಲು ಮೊಟಕಾಗುವುದು ಈ ಇಪ್ಪತ್ತು ನಿಮಿಷವೇ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಒಂದೇ ದಿನ 83 ಹೆಂಗಸರಿಗೆ ಲ್ಯಾಪ್ರೋಸ್ಕೋಪಿ ಮಾಡಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಗಂಡಸರ ಆಪರೇಷನ್ನು ಇದಕ್ಕಿಂತ ಸಲೀಸು, ಹೊಟ್ಟೆಯೊಳಗೆ ಯಾವ ಕೊಳವೆಯೂ ಇಳಿಯಬೇಕಿಲ್ಲ. ಆದರೂ ಜಮಖಾನದ ಮೇಲೆ ಮಲಗಿದವರೆಲ್ಲ ಹೆಂಗಸರೇ. ಇದನ್ನು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದೇ ಲ್ಯಾಪ್ರೋಸ್ಕೋಪಿನಿಂದ ಮುಂಬಯಿಯಲ್ಲಿ ಡಾ. ತೆಹೆಮ್‌ಟನ್ ಉದ್ವಾಡಿಯಾ 1990ರಲ್ಲಿ ಪಿತ್ತಕೋಶ ತೆಗೆದರು, ನಮ್ಮ ದೇಶದಲ್ಲಿ ಮೊದಲ ಸಲ. ಕೂಲಿ ಮಾಡುವವರು ಬೇಗ ಕೆಲಸಕ್ಕೆ ಮರಳಲು ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಈಗ ನಮ್ಮ ಜಿಲ್ಲೆಗೂ ವೈದ್ಯಕೀಯ ಕಾಲೇಜು ಇದೆ. 2016ರಲ್ಲಿ ಚಾಮರಾಜನಗರದಲ್ಲಿ ಶುರುವಾಯಿತು. ಅದಕ್ಕೆ ಮೊದಲು ಮಂಗಲ, ಕಣಿಯನಪುರದಂಥ ಕಾಡಂಚಿನ ಊರಿನವರಿಗೆ ದೊಡ್ಡ ಕಾಯಿಲೆ ಎಂದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯೇ ಗತಿ.

ಗುಂಡ್ಲುಪೇಟೆ ಸೀಮೆಯ ತಾಯಂದಿರಿಗೆ ಒಂದು ಮಾತು. ನಾವು ಕಡಲೆಕಾಯಿ ಬೆಳೆಯುವ ಜನ. ಹಲ್ಲು ಪೂರಾ ಬಾರದ ಮಗು ಕಡಲೆಬೀಜ ಬಾಯಿಗೆ ಹಾಕಿಕೊಂಡು ನಗುವಾಗಲೋ ಅಳುವಾಗಲೋ ಅದು ಶ್ವಾಸನಾಳಕ್ಕೆ ಜಾರುತ್ತದೆ. ಒಮ್ಮೆ ಜೋರಾಗಿ ಕೆಮ್ಮಿ ಮಗು ಸುಮ್ಮನಾಗಬಹುದು. ವಾರ ಬಿಟ್ಟು ಜ್ವರ, ಗೊರಗೊರ ಉಸಿರು. ಕಫ ಎಂದು ಸಿರಪ್ಪು ಕುಡಿಸುತ್ತ ಕೂರಬೇಡಿ. ಬೀಜ ತಿಂದದ್ದು, ಕೆಮ್ಮಿದ್ದು ಎರಡನ್ನೂ ಡಾಕ್ಟರಿಗೆ ಹೇಳಿ. ಕೊಳವೆಯಿಂದ ಶ್ವಾಸನಾಳದೊಳಗಿನ ವಸ್ತುವನ್ನು ಮೊದಲು ಹೊರತೆಗೆದವನು ಗುಸ್ಟಾವ್ ಕಿಲಿಯನ್, 1897ರಲ್ಲಿ, ಒಬ್ಬ ರೈತನ ಎದೆಯಿಂದ ಮೂಳೆಚೂರನ್ನು. ಇವತ್ತು ಅದೇ ದಾರಿಯಲ್ಲಿ ಕಡಲೆಬೀಜ ಹೊರಬರುತ್ತದೆ. ಪಾತಾಳಗರಡಿ ಇಷ್ಟು ಚಿಕ್ಕದಾಗಬಲ್ಲದೆಂದು ಅಪ್ಪನಿಗೆ ತೋರಿಸಬೇಕಿತ್ತು.

ಯಂತ್ರಗಳಿಗೂ ಒಳಗಿನ ಕಾಯಿಲೆ ಇರುತ್ತದೆ. 1921ರಲ್ಲಿ ಜಾರ್ಜ್ ಕ್ರ್ಯಾಂಪ್ಟನ್ ಎಂಬ ಅಮೆರಿಕದ ವೈದ್ಯ ವೆಸ್ಟಿಂಗ್‌ಹೌಸ್ ಕಂಪನಿಗೆ ಟರ್ಬೈನಿನ ಹೊಟ್ಟೆಯೊಳಗೆ ಬಿರುಕು ಹುಡುಕುವ ಕೊಳವೆ ಮಾಡಿಕೊಟ್ಟ. ಅದೇ ಬೋರ್‌ಸ್ಕೋಪು. ವಿಮಾನದ ಎಂಜಿನನ್ನು ಬಿಚ್ಚದೆ, ಬೆರಳು ತೂರುವಷ್ಟು ತೂತಿನಿಂದ ಅದರ ಅಲಗುಗಳನ್ನು ಒಂದೊಂದಾಗಿ ತಿರುಗಿಸಿ ನೋಡುವುದು ಈಗ ದಿನನಿತ್ಯದ ಕೆಲಸ.

ನಮ್ಮ ಹೊಲಗಳಿಗೂ ಅದರ ಬಂಧುವೊಂದು ಬಂದಿದೆ, ಬೋರ್‌ವೆಲ್ ಕ್ಯಾಮೆರಾ. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವಿನ ಕಾಲು ಅಲುಗಿದ್ದನ್ನು ತೋರಿಸಿದ್ದು ಹೀಗೆ ಇಳಿಬಿಟ್ಟ ಕ್ಯಾಮೆರಾವೇ. ಸುಮಾರು ಇಪ್ಪತ್ತು ಗಂಟೆಗಳ ಮೇಲೆ ಆ ಕೂಸನ್ನು ಜೀವಂತ ಎತ್ತಿದರು. ಆ ದಿನ ನಾನು ರೇಡಿಯೋ ಬಿಟ್ಟು ಏಳಲಿಲ್ಲ.

ಹಿಂದಿನ ಬೇಸಿಗೆಯಲ್ಲಿ ನಮ್ಮಣ್ಣನ ಹೊಲದ ಬೋರು ಕೆಸರುನೀರು ಕಕ್ಕಲು ಶುರುಮಾಡಿತು. ಅರಿಶಿನ ನಾಟಿಯ ಹೊತ್ತು. ಹೊಸ ಬೋರು ಕೊರೆಸು, ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸು ಎಂದು ಊರೆಲ್ಲ ಸಲಹೆ ಕೊಟ್ಟಿತು. ಅಣ್ಣ ಕ್ಯಾಮೆರಾದವರನ್ನು ಕರೆಸಿದ. ಮೋಟರು ಮೇಲೆತ್ತಿ, ಆರೂವರೆ ಇಂಚಿನ ಕೊಳವೆಯೊಳಕ್ಕೆ ಸುತ್ತ ಎಲ್‌ಇಡಿ ದೀಪವಿದ್ದ ಕ್ಯಾಮೆರಾ ಬಿಟ್ಟರು. ಜೀಪಿನ ಹಿಂದೆ ಪುಟ್ಟ ಟಿವಿ. ನಾನೂ ಅಣ್ಣನೂ ತಲೆಯ ಮೇಲೆ ಟವೆಲು ಹೊದ್ದು ನೆರಳು ಮಾಡಿಕೊಂಡು ನೋಡಿದೆವು. ಕೇಸಿಂಗ್ ಪೈಪು ಮುಗಿಯುವ ಕಡೆ ಕಬ್ಬಿಣ ತುಕ್ಕು ಹಿಡಿದು ಅಂಗೈಯಗಲ ಹರಿದಿತ್ತು, ಅಲ್ಲಿಂದ ಕೆಮ್ಮಣ್ಣು ಒಳಕ್ಕೆ ಜಾರುತ್ತಿತ್ತು. ಥೇಟ್ ಹುಣ್ಣಿನಂತೆ. ಇನ್ನೂ ಕೆಳಗೆ, ಕರಿಬಂಡೆಯ ಸೀಳಿನಿಂದ ತಿಳಿನೀರು ಒಸರುತ್ತಿರುವುದೂ ಕಂಡಿತು.

"ನೀರದೆ ಕನವ್ವ, ನೀರದೆ," ಅಂದ ಅಣ್ಣ. ಒಳಗೊಂದು ಸಣ್ಣ ಪೈಪು ಇಳಿಸಿ ಹರುಕು ಮುಚ್ಚಿಸಿದ. ಮೂರನೆಯ ದಿನ ಎರಡಿಂಚು ನೀರು ಬಂತು.