ಹರೆಯದ ತಪ್ಪಿಗೆ ಹತ್ತು ವರ್ಷದ ಸೆರೆಯೇ?

(ಬಳ್ಳಾರಿಯಲ್ಲಿ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಿರುಗುಪ್ಪ, ಕುರುಗೋಡುಗಳಿಂದಲೂ ಬಂದು ಸೇರಿರುವ ನಿಮ್ಮ ಮುಂದೆ, ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಷ್ಟೇ ಆಡುವ ವಿಷಯವೊಂದನ್ನು ಇಂದು ಬಾಯಿಬಿಟ್ಟು ಹೇಳಬೇಕಾಗಿದೆ. ಹದಿಹರೆಯದ ಮಕ್ಕಳ ಪ್ರೇಮ ಮತ್ತು ಅದರ ಮೇಲೆ ಎರಗುವ ಪೋಕ್ಸೊ ಕಾಯ್ದೆಯೇ ಆ ವಿಷಯ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಕುರುಗೋಡಿನ 17 ವರ್ಷದ ಹುಡುಗಿ ದಿನವೂ ಬಸ್ಸಿನಲ್ಲಿ ಬಳ್ಳಾರಿಯ ಕಾಲೇಜಿಗೆ ಬರುತ್ತಾಳೆ. ಸಿರುಗುಪ್ಪದ 19 ವರ್ಷದ ಹುಡುಗ ಇಲ್ಲಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ದುಡಿಯುತ್ತಾನೆ. ಪರಿಚಯ ಪ್ರೇಮಕ್ಕೆ ತಿರುಗಿ ಇಬ್ಬರೂ ಮನೆ ಬಿಡುತ್ತಾರೆ. ಹುಡುಗಿಯ ತಂದೆ ಅಪಹರಣದ ದೂರು ಕೊಡುತ್ತಾರೆ. ವಾರದೊಳಗೆ ಪೊಲೀಸರು ಇಬ್ಬರನ್ನೂ ಕರೆತರುತ್ತಾರೆ. ಹುಡುಗ ಜೈಲು ಸೇರುತ್ತಾನೆ, ಹುಡುಗಿ ಬಾಲಮಂದಿರ ಸೇರುತ್ತಾಳೆ. ನಾನೇ ಇಷ್ಟಪಟ್ಟು ಹೋದೆ ಎಂದು ಆಕೆ ಎಷ್ಟು ಹೇಳಿದರೂ ಕಾನೂನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದು.

ಏಕೆಂದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದ ಪ್ರತಿಯೊಬ್ಬರೂ ಮಗು. ಮಗುವಿನ ಸಮ್ಮತಿಗೆ ಬೆಲೆಯಿಲ್ಲ. ಅದಕ್ಕೆ ಮುಂಚೆ ಸಮ್ಮತಿಯ ವಯಸ್ಸು 16 ಆಗಿತ್ತು. 2019ರ ತಿದ್ದುಪಡಿಯ ನಂತರ ಇಂಥ ಸಂಬಂಧಕ್ಕೆ ಕನಿಷ್ಠ ಶಿಕ್ಷೆ 10 ವರ್ಷ. ಹುಡುಗಿ ಗರ್ಭಿಣಿಯಾದರೆ ಕನಿಷ್ಠ 20 ವರ್ಷ. ಎದುರು ನಿಂತ ಹುಡುಗನ ಮೇಲೆ ಕನಿಕರ ಹುಟ್ಟಿದರೂ ಅದಕ್ಕಿಂತ ಕಡಿಮೆ ಶಿಕ್ಷೆ ವಿಧಿಸುವ ಅಧಿಕಾರ ವಿಚಾರಣಾ ನ್ಯಾಯಾಧೀಶರಿಗಿಲ್ಲ.

ನಮ್ಮನ್ನು ತಪ್ಪು ತಿಳಿಯಬೇಡಿ. ಈ ಕಾಯ್ದೆ ನಮಗೆ ಬೇಕು. ಮನೆಯೊಳಗಿನ ಬಂಧು, ಪಾಠ ಹೇಳುವವ, ನೆರೆಮನೆಯವ, ಹೀಗೆ ನಂಬಿಕೆಯ ಮರೆಯಲ್ಲಿ ಎಳೆಯರನ್ನು ಕೆಡಿಸುವವರಿಗೆ ಕಠಿಣ ಶಿಕ್ಷೆಯೇ ಆಗಬೇಕು. ಆದರೆ ಐದು ವರ್ಷದ ಕಂದನನ್ನು ಹಾಳುಗೆಡವಿದ ನಲವತ್ತರ ದುಷ್ಟನನ್ನೂ 17ರ ಹುಡುಗಿಯೊಡನೆ ಓಡಿಹೋದ 19ರ ಹುಡುಗನನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೇ? ವಿವಾಹಬಾಹಿರ ಸಂಬಂಧ ಪಾಪವೆಂದು ನಾವು ನಂಬುತ್ತೇವೆ. ಆದರೆ ಪಾಪ ಬೇರೆ, ಅತ್ಯಾಚಾರ ಬೇರೆ. ತಪ್ಪನ್ನು ತಪ್ಪೆನ್ನಲು ಅದಕ್ಕೆ ಅತ್ಯಾಚಾರದ ಹೆಸರಿಡಬೇಕಾಗಿಲ್ಲ.

ಈ ಪ್ರಶ್ನೆಯನ್ನು ಎತ್ತಿದವರಲ್ಲಿ ನಮ್ಮ ಜಿಲ್ಲೆಯ ಮೇಲ್ಮನವಿಗಳನ್ನು ಆಲಿಸುವ ಹೈಕೋರ್ಟಿನ ಧಾರವಾಡ ಪೀಠವೂ ಸೇರಿದೆ. 2022ರ ನವೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರ ಮುಂದೆ ಇಂಥದೇ ಮೊಕದ್ದಮೆ ಬಂದಿತ್ತು. ಅಷ್ಟು ಹೊತ್ತಿಗೆ ಆ ಹುಡುಗ ಹುಡುಗಿ ಮದುವೆಯಾಗಿ ಮಕ್ಕಳನ್ನೂ ಪಡೆದಿದ್ದರು. ಹುಡುಗನ ಬಿಡುಗಡೆಯನ್ನು ಪ್ರಶ್ನಿಸಿದ ಸರಕಾರದ ಮೇಲ್ಮನವಿಯನ್ನು ಪೀಠವು ವಜಾ ಮಾಡಿತು. 16 ದಾಟಿದ ಹುಡುಗಿಯರ ಪ್ರೇಮ ಪ್ರಕರಣಗಳನ್ನು ಗಮನಿಸಿ ವಯೋಮಿತಿಯ ಬಗ್ಗೆ ಕಾನೂನು ಆಯೋಗ ಮರುಚಿಂತಿಸಬೇಕೆಂದಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ನೀಡಬೇಕೆಂದೂ ಹೇಳಿತು.

ಆಯೋಗವು 2023ರ ಸೆಪ್ಟೆಂಬರಿನಲ್ಲಿ ಉತ್ತರಿಸಿತು. ವಯಸ್ಸು ಇಳಿಸಿದರೆ ಬಾಲ್ಯವಿವಾಹಕ್ಕೂ ಮಕ್ಕಳ ಸಾಗಾಟಕ್ಕೂ ದಾರಿಯಾದೀತೆಂಬ ಆತಂಕದಿಂದ 18 ಹಾಗೆಯೇ ಇರಲೆಂದಿತು. ಆದರೆ 16ರಿಂದ 18ರೊಳಗಿನವರ ಒಪ್ಪಿಗೆಯ ಸಂಬಂಧಗಳಲ್ಲಿ, ವಯಸ್ಸಿನ ಅಂತರ ಮೂರು ವರ್ಷ ಮೀರದಿದ್ದರೆ, ಶಿಕ್ಷೆ ತಗ್ಗಿಸುವ ವಿವೇಚನೆ ನ್ಯಾಯಾಧೀಶರಿಗಿರಲಿ ಎಂದಿತು. ಆ ಆತಂಕ ಸುಳ್ಳಲ್ಲ, ಆ ಶಿಫಾರಸು ಸಮತೋಲನದ್ದು. ಇದು ಕಾನೂನಾಗಬೇಕೆಂಬುದೇ ನಮ್ಮ ಒತ್ತಾಯ.

ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆಯು ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳಲ್ಲಿ 2016ರಿಂದ 2020ರವರೆಗೆ ಬಂದ 7,064 ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 1,715, ಅಂದರೆ ನಾಲ್ಕರಲ್ಲಿ ಸುಮಾರು ಒಂದು, ಪ್ರೇಮ ಪ್ರಕರಣ. ಅವುಗಳಲ್ಲಿ ನೂರಕ್ಕೆ 93ಕ್ಕೂ ಹೆಚ್ಚು ಖುಲಾಸೆಯಲ್ಲಿ ಕೊನೆಗೊಂಡವು. ಬಿಡುಗಡೆಯಾದವನಿಗೆ ಜೈಲಿನಲ್ಲಿ ಕಳೆದ ದಿನಗಳನ್ನು ಯಾರು ಹಿಂದಿರುಗಿಸುತ್ತಾರೆ? ವಕೀಲರಿಗಾಗಿ ಒಡವೆ ಅಡವಿಟ್ಟ ತಾಯಿಗೆ ಯಾರು ಉತ್ತರ ಕೊಡುತ್ತಾರೆ? ಇಂಥ ಕಡತಗಳ ರಾಶಿಯಡಿ ನಿಜವಾಗಿ ದೌರ್ಜನ್ಯಕ್ಕೊಳಗಾದ ಕಂದಮ್ಮನ ಮೊಕದ್ದಮೆ ಹಿಂದೆ ಬೀಳುವುದಿಲ್ಲವೇ?

ಇನ್ನು ನಮ್ಮ ಕಡೆಗೆ ತಿರುಗೋಣ. ವಿಷಯ ತಿಳಿದೊಡನೆ ಮರ್ಯಾದೆ ಉಳಿಸಲೆಂದು ನಿಕಾಹ್ ಮಾಡಿಸಿ ಮುಗಿಸುವ ಅವಸರ ನಮ್ಮಲ್ಲಿದೆ. ಇದು ಪರಿಹಾರವಲ್ಲ, ಇನ್ನೊಂದು ಅಪರಾಧ. ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವೆಂದು ಕರ್ನಾಟಕ ತನ್ನ 2016ರ ತಿದ್ದುಪಡಿಯಲ್ಲಿ ಸಾರಿದೆ. 18 ತುಂಬದ ಪತ್ನಿಯೊಡನೆ ಸಂಪರ್ಕವೂ ಅತ್ಯಾಚಾರವೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ವೈಯಕ್ತಿಕ ಕಾನೂನು ಪೋಕ್ಸೊವನ್ನು ಮೀರದೆಂದು 2022ರ ಅಕ್ಟೋಬರಿನಲ್ಲಿ ನಮ್ಮ ಹೈಕೋರ್ಟೂ ಹೇಳಿತು. ಆ ಪ್ರಕರಣದಲ್ಲಿ ಪತ್ನಿಗೆ 17. ಗರ್ಭಿಣಿಯಾಗಿ ಆಸ್ಪತ್ರೆಗೆ ಹೋದಾಗ ವಯಸ್ಸು ಬಯಲಾಯಿತು. ಪತಿಗೆ ಜಾಮೀನು ಸಿಕ್ಕಿತು, ಆದರೆ ಮೊಕದ್ದಮೆಯಿಂದ ನಿಕಾಹ್‌ನಾಮೆ ಕಾಪಾಡಲಿಲ್ಲ. ಆದ್ದರಿಂದ ವಯಸ್ಸಿನ ದಾಖಲೆ ನೋಡದೆ ನಿಕಾಹ್ ನೆರವೇರಿಸಬಾರದೆಂದು ನಮ್ಮ ಜಮಾಅತ್‌ಗಳು ನಿರ್ಣಯಿಸಲಿ.

ಇನ್ನೊಂದು ದೋಷ ನಮ್ಮ ಎರಡು ತಕ್ಕಡಿಯದು. ಹುಡುಗ ನಮ್ಮವನಾದರೆ ಕಾನೂನು ಕ್ರೂರವೆನ್ನುತ್ತೇವೆ. ಹುಡುಗಿ ನಮ್ಮವಳಾದರೆ, ಅದರಲ್ಲೂ ಹುಡುಗ ಬೇರೆ ಸಮುದಾಯದವನಾದರೆ, ಅದೇ ಕಾನೂನಿನ ಗರಿಷ್ಠ ಶಿಕ್ಷೆ ಕೇಳುತ್ತೇವೆ. ಎದುರು ಬದಿಯವರೂ ಹೀಗೆಯೇ ಮಾಡುತ್ತಾರೆಂಬುದು ನಮಗೆ ಸಮರ್ಥನೆಯಾಗದು. ಸ್ವಂತಕ್ಕೂ ಹೆತ್ತವರಿಗೂ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಗಳಾಗಿರೆಂದು ನಮಗೆ ಆದೇಶವಿದೆ.

ಸಹೋದರ ಸಹೋದರಿಯರೇ, ಕಾನೂನು ಬದಲಾಗುವವರೆಗೆ ಈಗಿರುವ ಕಾನೂನನ್ನು ಮಕ್ಕಳಿಗೆ ತಿಳಿಸುವ ಹೊಣೆ ನಮ್ಮದು. ಗಂಡುಮಕ್ಕಳನ್ನು ಕೂರಿಸಿಕೊಂಡು ಹೇಳಿ: ಅವಳು ಒಪ್ಪಿದ್ದಳೆಂಬುದು ನ್ಯಾಯಾಲಯದಲ್ಲಿ ಉತ್ತರವಾಗದು. ಹೆಣ್ಣುಮಕ್ಕಳಿಗೆ ಹೇಳಿ: ಏನೇ ಆಗಿದ್ದರೂ ಮೊದಲು ಅಮ್ಮನ ಬಳಿ ಬಾ, ಬಾಗಿಲು ಮುಚ್ಚುವುದಿಲ್ಲ. ಬಲಾತ್ಕಾರ ನಡೆದಿದ್ದರೆ ಮುಚ್ಚಿಡದೆ ಠಾಣೆಗೆ ಹೋಗಿ. ನಡೆದದ್ದು ಮಕ್ಕಳ ಅವಿವೇಕದ ಪ್ರೇಮವಾಗಿದ್ದರೆ, ಸಿಟ್ಟಿನ ಭರದಲ್ಲಿ ದೂರಿಗೆ ಸಹಿ ಹಾಕುವ ಮುನ್ನ ಒಂದು ರಾತ್ರಿ ಮಗಳ ಪಕ್ಕದಲ್ಲಿ ಕುಳಿತು ಅವಳ ಮಾತು ಕೇಳಿ. ಹಾಕಿದ ಸಹಿಯನ್ನು ಅಳಿಸಲು ಆಮೇಲೆ ತಂದೆಯಿಂದಲೂ ಆಗದು.